ನನಗಾಗಿ ಕಾದ ನಿಮ್ಮೆಲ್ಲರಿಗೆ

ಬೆಂಗಳೂರಿನಲ್ಲಿ ರಸ್ತೆಯ ಮೇಲೇ ನಡೆಯುವ ಚಿತ್ರಗಳ ಸಂತೆ, ಈ ಸಲದ ಚಿತ್ರಸಂತೆ ಮುಗಿಸಿಕೊಂಡು ಮೈಸೂರಿಗೆ ವಾಪಸ್ ಬಂದಿದ್ದೇನೆ. ಕುಮಾರಕೃಪಾ ರಸ್ತೆಯಲ್ಲಿ ಬೆಳಗಿನಿಂದ ಕತ್ತಲಾಗುವವರೆಗೆ ನಿಂತು ಕಾಲು ಊದಿಕೊಂಡಿದೆ, ಮನಸ್ಸು ಮಾತ್ರ ತುಂಬಿ ಬಂದಿದೆ. ಕಣ್ಣಿನ ಆಪರೇಷನ್ ಆದ ಮೇಲೆ ನಾನು ಚಿತ್ರ ಇಟ್ಟುಕೊಂಡು ಕೂತ ಮೊದಲ ಸಂತೆ ಇದು. ಬಂದವರಲ್ಲಿ ಎಷ್ಟೋ ಜನ ಚಿತ್ರ ನೋಡುವ ಮೊದಲೇ "ಕಣ್ಣು ಹೇಗಿದೆ?" ಎಂದು ಕೇಳಿದಿರಿ. ಆ ಜನಜಂಗುಳಿಯಲ್ಲಿ ಯಾರಿಗೂ ನೆಟ್ಟಗೆ ಉತ್ತರ ಕೊಡಲು ಆಗಲಿಲ್ಲ. ಹೇಳಬೇಕಾದದ್ದು ಬಹಳ ಇದೆ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನನ್ನನ್ನು ಈಗಷ್ಟೇ ನೋಡಿದವರಿಗೆ ಒಂದೆರಡು ಮಾತು. ನಾನು ಮನೆಯಲ್ಲಿ ಸಾಕಿದ ಪ್ರಾಣಿಗಳ ಚಿತ್ರ ಬರೆಯುತ್ತೇನೆ. ನಾಯಿ, ಬೆಕ್ಕು ಜಾಸ್ತಿ. ಹಸು, ಮೊಲ ಆಗೊಮ್ಮೆ ಈಗೊಮ್ಮೆ. ಟಿ. ನರಸೀಪುರದ ಕಡೆಯ ಒಬ್ಬರು ತಮ್ಮ ಹುಂಜದ ಚಿತ್ರ ಬರೆಸಿ ನಡುಮನೆಯಲ್ಲಿ ತೂಗುಹಾಕಿದ್ದಾರೆ. ಇದರ ನಡುವೆ ಸ್ಟಿಲ್ ಲೈಫ್, ಅಂದರೆ ಸಾಮಾನುಗಳನ್ನು ಎದುರಿಗಿಟ್ಟುಕೊಂಡು ಬರೆಯುವ ಚಿತ್ರ. ಹಿತ್ತಾಳೆ ಚೊಂಬು, ಉಪ್ಪಿನಕಾಯಿ ಜಾಡಿ, ದೇವರಾಜ ಮಾರುಕಟ್ಟೆಯಿಂದ ತಂದ ಹಣ್ಣು, ತರಕಾರಿ. ಎರಡನ್ನೂ ಎಣ್ಣೆಬಣ್ಣದಲ್ಲೇ ಬರೆಯುವುದು. ನಾಯಿಯ ಚಿತ್ರದಿಂದ ಮನೆ ನಡೆಯುತ್ತದೆ, ಚೊಂಬು ಜಾಡಿಗಳಿಂದ ಕೈ ಪಳಗುತ್ತದೆ. ಒಂದನ್ನು ಬಿಟ್ಟು ಇನ್ನೊಂದು ನನಗೆ ಬಾರದು.

ಹೋದ ವರ್ಷದ ಹಿಂದಿನ ಮಳೆಗಾಲದಲ್ಲಿ ಬಲಗಣ್ಣಿನ ಮೂಲೆಯಲ್ಲಿ ಮಿಂಚು ಹೊಡೆದ ಹಾಗೆ ಬೆಳಕು ಕಾಣಿಸತೊಡಗಿತು. ಆಮೇಲೆ ಕಪ್ಪು ಚುಕ್ಕೆಗಳು ತೇಲಿದವು. ಮರುದಿನ ಬೆಳಿಗ್ಗೆ ಒಂದು ಪಕ್ಕದಿಂದ ಪರದೆ ಎಳೆದ ಹಾಗೆ ಕತ್ತಲು. ಅವತ್ತೇ ಆಸ್ಪತ್ರೆಗೆ ಓಡಿದೆವು. ಕಣ್ಣಿನ ಹಿಂಬದಿಯ ತೆಳು ಪದರ, ರೆಟಿನಾ, ಅದರ ಜಾಗದಿಂದ ಕಿತ್ತು ಬಂದಿತ್ತು. ಇದನ್ನು ಓದುತ್ತಿರುವವರಲ್ಲಿ ಯಾರಿಗಾದರೂ ಹೀಗೆ ಮಿಂಚು, ಚುಕ್ಕೆ, ಪರದೆ ಕಂಡರೆ ದಯವಿಟ್ಟು ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಇದಕ್ಕೆ ನೋವು ಇರುವುದಿಲ್ಲ, ಅದೇ ಅಪಾಯ.

ಆಪರೇಷನ್ನಿನಲ್ಲಿ ಕಣ್ಣಿನೊಳಗೆ ಗ್ಯಾಸ್ ತುಂಬಿದರು. ಆ ಗುಳ್ಳೆ ಮೇಲಕ್ಕೆ ಏಳುತ್ತದೆ, ಎದ್ದು ರೆಟಿನಾವನ್ನು ಗೋಡೆಗೆ ಒತ್ತಿ ಹಿಡಿಯುತ್ತದೆ. ಅದು ಸರಿಯಾದ ಜಾಗಕ್ಕೆ ಒತ್ತಬೇಕಾದರೆ ನಾವು ಮುಖ ಕೆಳಗೆ ಮಾಡಿ ಮಲಗಬೇಕು. ಊಟ, ಮಾತು, ನಿದ್ದೆ ಎಲ್ಲಾ ನೆಲ ನೋಡಿಕೊಂಡೇ. ಆ ದಿನಗಳಲ್ಲಿ ನನ್ನನ್ನು ನೋಡಿಕೊಂಡವರು ನನ್ನ ಅತ್ತೆ. ಬೆಂಚಿನ ಕೆಳಗೆ ತಟ್ಟೆ ಇಟ್ಟು, ಚಿತ್ರಾನ್ನ ಕಲಸಿ, ಚಮಚ ಕೈಗೆ ಕೊಡುತ್ತಿದ್ದರು. ಸಂಜೆಯಾದರೆ ನೆಲದ ಮೇಲೆ ಚಾಪೆ ಹಾಕಿಕೊಂಡು ನನ್ನ ಮುಖದ ಕೆಳಗೇ ಮಲಗಿ ಊರಿನ ಸುದ್ದಿಯೆಲ್ಲಾ ಹೇಳುತ್ತಿದ್ದರು, ನಾನು ಒಂದು ಮುಖವನ್ನಾದರೂ ನೋಡಲಿ ಅಂತ. ಎಪ್ಪತ್ತು ದಾಟಿದ ಹೆಂಗಸು. ಅತ್ತೆ, ನಿಮಗೆ ಥ್ಯಾಂಕ್ಸ್ ಅಂತ ಹೇಳಿದರೆ "ಇದೆಲ್ಲಾ ಯಾಕೆ" ಅಂತೀರಿ. ಆದರೂ ನಾಲ್ಕು ಜನರ ಎದುರು ಹೇಳಲೇಬೇಕು.

ಆಪರೇಷನ್ ಮಾಡಿದ ಡಾಕ್ಟರಿಗೆ, ಡ್ರಾಪ್ಸ್ ಹಾಕುವಾಗ ಪ್ರತಿ ಸಲ "ಮೇಡಂ, ಈಗ ತಣ್ಣಗಾಗುತ್ತೆ" ಎಂದು ಮುಂಚೆಯೇ ಹೇಳುತ್ತಿದ್ದ ಸಿಸ್ಟರಿಗೆ ನಮಸ್ಕಾರ. ನಾನು ಚಿತ್ರ ಬರೆಯುವವಳು ಎಂದು ಗೊತ್ತಾದ ಮೇಲೆ ಡಾಕ್ಟರು ಕಣ್ಣಿನ ಚಿತ್ರವನ್ನೇ ಕಾಗದದ ಮೇಲೆ ಬರೆದು ಎಲ್ಲವನ್ನೂ ತೋರಿಸಿದರು. ಹೆದರಿಕೆ ಅರ್ಧ ಅಲ್ಲೇ ಇಳಿಯಿತು.

ಗ್ಯಾಸು ಕರಗುವವರೆಗೆ ಕಣ್ಣಿನಲ್ಲಿ ಒಂದು ಗೆರೆ ಅಲ್ಲಾಡುತ್ತಿರುತ್ತದೆ. ಗುಳ್ಳೆ ಚಿಕ್ಕದಾದಂತೆ ಆ ಗೆರೆ ಕೆಳಕ್ಕೆ ಇಳಿಯುತ್ತಾ ಹೋಗುತ್ತದೆ, ಅದರ ಮೇಲುಗಡೆ ಲೋಕ ಸ್ವಲ್ಪಸ್ವಲ್ಪವೇ ಕಾಣತೊಡಗುತ್ತದೆ. ನನಗೆ ಮೊದಲು ಕಂಡದ್ದು ಕಿಟಕಿಯ ಮೇಲಿನ ಅಂಚು, ಆಮೇಲೆ ತೆಂಗಿನಗರಿ. ಅದೆಲ್ಲ ಇರಲಿ. ದೃಷ್ಟಿ ಬಂತು, ಆದರೆ ಮೊದಲಿನ ಹಾಗೆ ಬರಲಿಲ್ಲ. ಬಲಗಣ್ಣಿಗೆ ನೇರ ಗೆರೆ ಈಗಲೂ ಸ್ವಲ್ಪ ಸೊಟ್ಟಗೆ ಕಾಣುತ್ತದೆ. ಈ ಆಪರೇಷನ್ ಆದವರಿಗೆ ಪೊರೆ ಬೇಗ ಬರುವುದು ಮಾಮೂಲಂತೆ. ನನಗೂ ಬಂತು, ಅದನ್ನೂ ತೆಗೆಸಿದ್ದಾಯಿತು. ಈಗ ಬಿಳಿ ಗೋಡೆ ಬಲಗಣ್ಣಿಗೆ ಕೊಂಚ ನೀಲಿಯಾಗಿ, ಎಡಗಣ್ಣಿಗೆ ಕೊಂಚ ಹಳದಿಯಾಗಿ ಕಾಣುತ್ತದೆ. ಬಣ್ಣದ ಕೆಲಸದವಳಿಗೆ ಇದು ಸಣ್ಣ ವಿಷಯ ಅಲ್ಲ. ಯಾವ ಕಣ್ಣನ್ನು ನಂಬಬೇಕು ಎಂದು ಮೈಸೂರಿನ ಕಲಾಶಾಲೆ ಕಾವಾದಲ್ಲಿ ನನಗೆ ಕಲಿಸಿದ ಮೇಷ್ಟ್ರಿಗೆ ಫೋನ್ ಮಾಡಿ ಅತ್ತಿದ್ದೆ. ಅವರು ಸಮಾಧಾನದ ಮಾತು ಆಡಲಿಲ್ಲ. ಫ್ರಾನ್ಸಿನ ಚಿತ್ರಕಾರ ಕ್ಲಾಡ್ ಮೊನೆಯ ಬಲಗಣ್ಣಿನ ಪೊರೆಯನ್ನು 1923ರಲ್ಲಿ ತೆಗೆದರು, ಆತ ಅದಾದ ಮೇಲೂ ನೈದಿಲೆಯ ದೊಡ್ಡ ದೊಡ್ಡ ಚಿತ್ರಗಳನ್ನು ತಿದ್ದುತ್ತಾ ಕೂತಿದ್ದ, ನೀನೂ ಕೂತ್ಕೋ ಎಂದರು. "ನಾಳೆ ಬೆಳಿಗ್ಗೆ ಒಂದು ನಿಂಬೆಹಣ್ಣು ಇಟ್ಕೊಂಡು ಬರಿ. ಆಮೇಲೆ ಮಾತಾಡೋಣ" ಎಂದು ಫೋನ್ ಇಟ್ಟರು. ಮೇಷ್ಟ್ರೇ, ಆ ನಿಂಬೆಹಣ್ಣಿನ ಚಿತ್ರವನ್ನು ಯಾರಿಗೂ ಮಾರುವುದಿಲ್ಲ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಕಣ್ಣು ಕೆಟ್ಟಾಗ ನನ್ನ ಕೈಯಲ್ಲಿ ಎಷ್ಟೋ ಚಿತ್ರಗಳು ಅರ್ಧಕ್ಕೆ ನಿಂತಿದ್ದವು. ಮುಂಗಡ ತೆಗೆದುಕೊಂಡು ಖರ್ಚೂ ಮಾಡಿಯಾಗಿತ್ತು. ಒಬ್ಬೊಬ್ಬರಿಗೂ ಹೇಳಿ ಕಳಿಸಿದೆವು. ದುಡ್ಡು ವಾಪಸ್ ಬೇಕಾದವರು ಹೇಳಿ, ಹೇಗಾದರೂ ಹೊಂದಿಸುತ್ತೇವೆ ಎಂದೆವು. ಯಾರೂ ಕೇಳಲಿಲ್ಲ. ಇಬ್ಬರು ಬಾಕಿ ದುಡ್ಡನ್ನೂ ಕಳಿಸಿಬಿಟ್ಟರು. ಅಮೆರಿಕದಲ್ಲಿರುವ ಹಾಸನದ ಹುಡುಗ ಊರಲ್ಲಿ ಅಪ್ಪ ಅಮ್ಮನ ಜೊತೆ ಇರುವ ತನ್ನ ನಾಯಿಯ ಚಿತ್ರ ಕೇಳಿದ್ದ. "ಅಕ್ಕಾ, ನಮ್ಮ ಬ್ರೂನೋ ಇನ್ನೂ ಗಟ್ಟಿ ಇದ್ದಾನೆ, ನೀವು ಹುಷಾರಾಗಿ" ಎಂದು ಮೆಸೇಜ್ ಮಾಡಿದ. ಸಾಕಿದ ಪ್ರಾಣಿಯ ಆಯಸ್ಸು ಎಷ್ಟು ಅಂತ ನಮಗೆಲ್ಲ ಗೊತ್ತು. ಅಂಥದ್ದರಲ್ಲಿ ಕಾಯುತ್ತೇವೆ ಎನ್ನುವುದು ದೊಡ್ಡ ಮಾತು. ಆ ಮಾತಿನ ಭಾರ ನನಗೆ ಗೊತ್ತಿದೆ.

ನಂಜನಗೂಡಿನ ಕಡೆಯ ಮನೆಯೊಂದರ ಕರಿಯ ಕಾಯಲಿಲ್ಲ. ನಾಟಿ ನಾಯಿ, ಮೈಯೆಲ್ಲಾ ಕಪ್ಪು, ಮೂತಿ ಮಾತ್ರ ನರೆತು ಬಿಳಿ. ನಾನು ಮುಖ ಕೆಳಗೆ ಹಾಕಿ ಮಲಗಿದ್ದ ದಿನಗಳಲ್ಲೇ ವಯಸ್ಸಾಗಿ ತೀರಿಹೋದ. ಅವರ ಮನೆಯವರು ಆಗ ನನಗೆ ಹೇಳಲೇ ಇಲ್ಲ. ನಾನು ಕುಂಚ ಹಿಡಿದ ಸುದ್ದಿ ಗೊತ್ತಾದ ಮೇಲೆ ಆ ಮನೆಯ ಅಜ್ಜಿ ಮೊಮ್ಮಗನ ಜೊತೆ ಬಸ್ಸು ಹತ್ತಿ ಬಂದರು. ಕೈಯಲ್ಲಿ ಒಂದು ವೈರು ಬ್ಯಾಗು. ಅದರಿಂದ ಮೂರು ಸಾಮಾನು ತೆಗೆದು ಟೇಬಲ್ ಮೇಲಿಟ್ಟರು. ಅವನು ಉಣ್ಣುತ್ತಿದ್ದ ಅಲ್ಯೂಮಿನಿಯಂ ಬಟ್ಟಲು, ಕತ್ತಿನ ಸರಪಳಿ, ಹಿಮ್ಮಡಿ ಕಡೆ ಕಚ್ಚಿ ಕಿತ್ತ ಒಂದು ಹವಾಯಿ ಚಪ್ಪಲಿ.

"ಅವನ ಮುಖ ಫೋಟೋ ನೋಡಿ ಬರೀತೀಯ. ಇವನ್ನೂ ಬರ್ದುಕೊಡ್ತೀಯಾ ಮಗಳೇ?" ಎಂದರು. ಟೈಮ್ ಹಿಡಿಯುತ್ತದೆ ಅಜ್ಜಿ, ಕಣ್ಣು ಇನ್ನೂ ಪೂರಾ ಸರಿಹೋಗಿಲ್ಲ ಎಂದೆ. "ಅವಸರ ಏನಿಲ್ಲ ಕಣವ್ವ. ನಿನ್ನ ಕಣ್ಣು ಮೊದ್ಲು" ಎಂದರು.

ಚಿತ್ರಸಂತೆಯಲ್ಲಿ ನೀವು ಬಹಳ ಹೊತ್ತು ನಿಂತು ನೋಡಿದ್ದು ಅದನ್ನೇ. ಬಟ್ಟಲು, ಸರಪಳಿ, ಚಪ್ಪಲಿ. ಮಾರಾಟಕ್ಕಿಲ್ಲ ಎಂದು ಚೀಟಿ ಹಾಕಿದ್ದೆ. ಅಜ್ಜಿಯ ಒಪ್ಪಿಗೆ ಪಡೆದೇ ತಂದಿದ್ದೆ, ಈಗ ಅದು ಅವರ ಮನೆ ಸೇರಿದೆ. ಅದನ್ನು ಹೇಗೆ ಬರೆದೆ ಎಂದು ತುಂಬಾ ಜನ ಕೇಳಿದಿರಿ, ಅದನ್ನು ಸ್ವಲ್ಪ ಹೇಳಲೇಬೇಕು.

ಅಲ್ಯೂಮಿನಿಯಮ್ಮಿಗೆ ಅದರದ್ದೇ ಅಂತ ಬಣ್ಣ ಇಲ್ಲ ಎನ್ನಬಹುದು. ಸುತ್ತ ಏನಿದೆಯೋ ಅದನ್ನು ಮಸುಕಾಗಿ ಹಿಡಿದುಕೊಳ್ಳುತ್ತದೆ. ನಮ್ಮ ಮನೆಯದು ಕೆಂಪು ರೆಡ್ ಆಕ್ಸೈಡ್ ನೆಲ. ಬಟ್ಟಲಿನ ಹೊಟ್ಟೆಯ ಕೆಳಭಾಗಕ್ಕೆ ಆ ಕೆಂಪು ಹತ್ತುತ್ತದೆ, ಬಾಯಿಯ ಅಂಚಿಗೆ ಕಿಟಕಿಯ ಆಕಾಶ. ಬಟ್ಟಲು ತುಂಬಾ ತಗ್ಗುಬಿದ್ದಿತ್ತು. ಊಟ ಲೇಟಾದರೆ ಕರಿಯ ಅದನ್ನು ಬಾಯಲ್ಲಿ ಕಚ್ಚಿ ಮೆಟ್ಟಿಲಿಗೆ ಕುಕ್ಕುತ್ತಿದ್ದನಂತೆ. ಒಂದೊಂದು ತಗ್ಗಿನಲ್ಲೂ ಬೆಳಕು ತಿರುಗುಮುರುಗು. ಬೆಳಕು ಬರುವ ಕಡೆಯ ದಂಡೆ ಕಪ್ಪು, ಆಚೆ ದಂಡೆ ಬಿಳಿ. ಇದನ್ನು ಅದಲುಬದಲು ಮಾಡಿದರೆ ತಗ್ಗು ಉಬ್ಬಾಗಿ ಕಾಣುತ್ತದೆ. ಬಾಯಿಯ ಗುಂಡನೆ ಅಂಚನ್ನು ಬಲಗಣ್ಣು ಮುಚ್ಚಿಕೊಂಡೇ ಬರೆದೆ, ಇಲ್ಲದಿದ್ದರೆ ಅಂಚು ಅಲೆಅಲೆಯಾಗುತ್ತದೆ. ಒಂದೇ ಕಣ್ಣಿನಲ್ಲಿ ನೋಡುವಾಗ ದೂರದ ಅಂದಾಜು ಸಿಗುವುದಿಲ್ಲ. ಕುಂಚ ಕ್ಯಾನ್ವಾಸಿಗೆ ತಾಗಿತು ಅಂದುಕೊಂಡರೆ ಇನ್ನೂ ಗಾಳಿಯಲ್ಲೇ ಇರುತ್ತದೆ. ನಮ್ಮ ಫ್ರೇಮ್ ಅಂಗಡಿಯ ಯಜಮಾನರು ಇದನ್ನು ಕೇಳಿ, ಕೈ ಊರಿಕೊಳ್ಳಲು ಒಂದು ಕೋಲನ್ನು ನುಣ್ಣಗೆ ಉಜ್ಜಿ, ತುದಿಗೆ ಬಟ್ಟೆ ಉಂಡೆ ಕಟ್ಟಿ ತಂದುಕೊಟ್ಟರು. ಹಿಂದಿನ ಕಾಲದ ಕಲಾವಿದರು ಇಂಥದ್ದನ್ನೇ ಬಳಸುತ್ತಿದ್ದರು. ದುಡ್ಡು ಕೊಡಲು ಹೋದರೆ ಬಯ್ದರು. ಸಾಹೇಬ್ರೇ, ಈಗ ನಾನು ಬರೆಯುವ ಪ್ರತಿ ಚಿತ್ರಕ್ಕೂ ನಿಮ್ಮ ಕೋಲಿನ ಆಸರೆ ಇದೆ.

ಕರಿಯನ ಮುಖದ ಚಿತ್ರಕ್ಕೆ ಕಪ್ಪು ಬಣ್ಣವನ್ನು ಟ್ಯೂಬಿನಿಂದ ತೆಗೆದೇ ಇಲ್ಲ. ಕಪ್ಪು ನಾಯಿಗೆ ಕಪ್ಪು ಬಣ್ಣ ಬಳಿದರೆ ಕ್ಯಾನ್ವಾಸಿನಲ್ಲಿ ತೂತು ಬಿದ್ದಂತೆ ಕಾಣುತ್ತದೆ. ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಅಂಬರ್ ಕಂದು ಎರಡನ್ನೂ ಬೆರೆಸಬೇಕು. ಬೆನ್ನ ಮೇಲೆ ಆಕಾಶದ ಬೆಳಕು ಬಿದ್ದ ಕಡೆ ನೀಲಿ ಜಾಸ್ತಿ, ಬಿಸಿಲು ತಾಗಿದ ಕೂದಲಿನ ತುದಿಯಲ್ಲಿ ಕಂದು ಜಾಸ್ತಿ. ಕಣ್ಣಿನ ಹೊಳಪು ಯಾವಾಗಲೂ ಕೊನೆಗೆ. ಅದೊಂದು ಚುಕ್ಕೆ ಇಡುವವರೆಗೆ ಅದು ಬರೀ ನಾಯಿ, ಇಟ್ಟ ಮೇಲೆ ಅದು ಅವರ ಮನೆಯ ನಾಯಿ. ಆ ಹೊಳಪಿನ ಚುಕ್ಕೆಯೊಳಗೆ ನೋಡಿದರೆ ಫೋಟೋ ತೆಗೆದ ಜಗಲಿಯ ಬಾಗಿಲೂ ಇರುತ್ತದೆ.

ಇನ್ನು ಕಿವಿ. ಹಿಂದಿನಿಂದ ಬಿಸಿಲು ಬಿದ್ದರೆ ಕಿವಿಯ ತೆಳು ಚರ್ಮ ಒಳಗಿನಿಂದ ಕೆಂಪಗೆ ಹೊಳೆಯುತ್ತದೆ. ಆ ಕೆಂಪನ್ನು ನಾನು ಕಲಿತದ್ದು ಜಗನ್ಮೋಹನ ಅರಮನೆಯಲ್ಲಿ. ಎಸ್. ಎಲ್. ಹಲ್ದಂಕರ್ ಅವರು ಬರೆದ, ದೀಪ ಹಿಡಿದ ಹುಡುಗಿಯ ಜಲವರ್ಣ ಚಿತ್ರ ಅಲ್ಲಿದೆ. ಎಷ್ಟೋ ಜನ ಅದನ್ನು ರವಿವರ್ಮನದು ಅಂದುಕೊಂಡಿರುತ್ತಾರೆ. ಚಿತ್ರದಲ್ಲಿರುವುದು ಹಲ್ದಂಕರ್ ಅವರ ಮಗಳೇ. ಆಕೆ ದೀಪಕ್ಕೆ ಕೈ ಅಡ್ಡ ಹಿಡಿದಿದ್ದಾಳೆ, ಬೆಳಕು ಬೆರಳುಗಳ ಮೂಲಕ ಹಾದು ಬರುತ್ತಿದೆ. ವಿದ್ಯಾರ್ಥಿಯಾಗಿದ್ದಾಗ ಆ ಬೆರಳುಗಳನ್ನು ನೋಡಲೆಂದೇ ಹೋಗುತ್ತಿದ್ದೆ. ಟಿಕೆಟ್ ಕೌಂಟರಿನವರಿಗೆ ನನ್ನ ಮುಖದ ಗುರುತಾಗಿತ್ತು. ಕರಿಯನ ಎಡಗಿವಿಯ ತುದಿಯಲ್ಲಿರುವ ಕೆಂಪು ಆ ಬೆರಳುಗಳ ಋಣ.

"ನಾಯಿ ಚಿತ್ರಕ್ಕೆ ಇಷ್ಟು ದುಡ್ಡಾ?" ಎಂದು ಕೇಳುವವರು ಈಗಲೂ ಇದ್ದಾರೆ. ಶುರುವಿನಲ್ಲಿ ಆ ಮಾತು ನನ್ನನ್ನು ತುಂಬಾ ಕುಗ್ಗಿಸುತ್ತಿತ್ತು. ಇದೇ ಮೇಷ್ಟ್ರು ಆಗ ನನ್ನನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿ ಆತಕೂರಿನ ಕಲ್ಲನ್ನು ತೋರಿಸಿದರು. ಆತಕೂರು ಇರುವುದು ಇಲ್ಲೇ ಮದ್ದೂರು ತಾಲ್ಲೂಕಿನಲ್ಲಿ. ಕ್ರಿ.ಶ. 949-50ರ ಹೊತ್ತಿನ ಕಲ್ಲು. ರಾಷ್ಟ್ರಕೂಟರಿಗೂ ಚೋಳರಿಗೂ ತಕ್ಕೋಲದಲ್ಲಿ ಯುದ್ಧ ನಡೆದ ಕಾಲ. ಮಣಲೆರ ಎಂಬ ವೀರನ ಶೌರ್ಯ ಮೆಚ್ಚಿ, ಅರಸ ಏನು ಬೇಕೋ ಕೇಳು ಎಂದರೆ ಅವನು ಕಾಳಿ ಎಂಬ ಬೇಟೆನಾಯಿಯನ್ನು ಕೇಳಿಕೊಂಡ. ಆ ಕಾಳಿ ದೊಡ್ಡ ಕಾಡುಹಂದಿಯ ಮೇಲೆ ಬಿದ್ದು ಹೋರಾಡಿತು, ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆ ನಡೆಯಲೆಂದು ಭೂಮಿಯನ್ನೂ ಬಿಟ್ಟರು. ನಾಯಿ ಮತ್ತು ಹಂದಿ ಸೆಣಸುವುದನ್ನು ಕಲ್ಲಿನ ಮೇಲೆ ಕೆತ್ತಿದ್ದಾರೆ. ಸಾವಿರ ವರ್ಷದ ಹಿಂದೆ ನಮ್ಮ ಜನ ನಾಯಿಗೆ ಹೆಸರಿಟ್ಟು, ಅದರ ರೂಪ ಕೆತ್ತಿಸಿ, ಕನ್ನಡದಲ್ಲಿ ಅದರ ಕಥೆ ಬರೆಸಿದ್ದಾರೆ. ಅವತ್ತಿನಿಂದ ನನ್ನ ಕೆಲಸದ ಬಗ್ಗೆ ನನಗೆ ಅಳುಕಿಲ್ಲ. ಇನ್ನೂ ನೋಡಿಲ್ಲದವರು ದಯವಿಟ್ಟು ಹೋಗಿ ನೋಡಿ.

ಬೀದಿ ನಾಯಿಯನ್ನು ಮನೆಗೆ ತಂದು ಸಾಕಿ, ಅದರ ಚಿತ್ರ ಬರೆಸುವವರಿಗೆ ನನ್ನದೊಂದು ವಿಶೇಷ ನಮಸ್ಕಾರ. ಮುಧೋಳ ನಾಯಿ 2005ರಲ್ಲಿ ಅಂಚೆಚೀಟಿಯ ಮೇಲೇ ಬಂತು, ಸಂತೋಷ. ನಮ್ಮ ಗಲ್ಲಿಯ ಕಂದು ನಾಯಿಗೆ ಅಂಥ ಭಾಗ್ಯ ಎಲ್ಲಿ? ಮೊದಲೆಲ್ಲಾ ನನ್ನ ಹತ್ತಿರ ಬರುತ್ತಿದ್ದದ್ದು ಲ್ಯಾಬ್ರಡಾರ್, ಪೊಮೇರಿಯನ್ ಫೋಟೋಗಳೇ ಜಾಸ್ತಿ. ಈಗ ಅರ್ಧ ಕಿವಿ ಹರಿದ, ಮೂರೇ ಕಾಲಿನ ನಾಟಿ ನಾಯಿಗಳೂ ಬರುತ್ತಿವೆ. ಅವುಗಳ ಮುಖ ಬರೆಯುವುದೇ ನನಗೆ ಹೆಚ್ಚು ಇಷ್ಟ. ಒಂದರ ಹಾಗೆ ಇನ್ನೊಂದು ಇರುವುದಿಲ್ಲ.

ದೇವರಾಜ ಮಾರುಕಟ್ಟೆಯ ಬಾಳೆಹಣ್ಣಿನಂಗಡಿಯ ಅಣ್ಣನನ್ನು ಮರೆಯಲಾರೆ. ಕಣ್ಣು ಸರಿ ಇಲ್ಲದಾಗ ಆ ಗದ್ದಲದಲ್ಲಿ ನಡೆಯಲು ನನಗೆ ಹೆದರಿಕೆ. ಅವರು ನಂಜನಗೂಡು ರಸಬಾಳೆ ಬಂದ ದಿನ ಚಿಪ್ಪು ಎತ್ತಿಟ್ಟು, ಆಟೋದವರ ಕೈಲಿ ಕಳಿಸುತ್ತಿದ್ದರು. ರಸಬಾಳೆ ಈಗ ಸಿಗುವುದೇ ಕಷ್ಟ. ಪನಾಮಾ ಸೊರಗು ರೋಗ ಬಂದು ಎಷ್ಟೋ ತೋಟಗಳು ಹಾಳಾಗಿವೆ. ಅದನ್ನು ಬರೆಯುವುದಕ್ಕೂ ತಾಳ್ಮೆ ಬೇಕು, ಅವಸರವೂ ಬೇಕು. ಬೆಳಿಗ್ಗೆ ಹಳದಿ ಇದ್ದ ಸಿಪ್ಪೆಗೆ ಮರುದಿನ ಕಪ್ಪು ಚುಕ್ಕೆ ಬಂದಿರುತ್ತದೆ, ಅದರ ಮರುದಿನ ಮನೆಯೆಲ್ಲಾ ಘಮ. ಸಿಪ್ಪೆಯ ಬಣ್ಣ ಮೊದಲ ದಿನವೇ ಹಿಡಿದುಬಿಡಬೇಕು. ಚುಕ್ಕೆಗಳನ್ನು ಮಾತ್ರ ನಾನು ಆಮೇಲೆ ಸೇರಿಸುತ್ತೇನೆ, ಅವಿಲ್ಲದೆ ಅದು ರಸಬಾಳೆ ಅನ್ನಿಸುವುದಿಲ್ಲ. ಚಿತ್ರ ಮುಗಿದ ಮೇಲೆ ಹಣ್ಣನ್ನು ಅತ್ತೆ ರಸಾಯನ ಮಾಡುತ್ತಾರೆ.

ಬಣ್ಣದ ಅಂಗಡಿಯವರಿಗೂ ಒಂದು ಮಾತು. ಮುಂಗುಸಿ ಕೂದಲಿನ ಕುಂಚ ಕೆಲವು ಕಡೆ ಈಗಲೂ ಕದ್ದುಮುಚ್ಚಿ ಮಾರುತ್ತಾರೆ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದು ಅಪರಾಧ. ಒಂದು ಕುಂಚಕ್ಕಾಗಿ ಮುಂಗುಸಿ ಕೊಂದು, ಅದೇ ಕುಂಚದಲ್ಲಿ ಇನ್ನೊಂದು ಪ್ರಾಣಿಯನ್ನು ಪ್ರೀತಿಯಿಂದ ಬರೆಯುವುದು ನನ್ನಿಂದ ಆಗದು. ನೀವು ಅಂಥದ್ದನ್ನು ಅಂಗಡಿಯೊಳಗೇ ಬಿಟ್ಟುಕೊಳ್ಳಲಿಲ್ಲ. ಒಳ್ಳೆಯ ಸಿಂಥೆಟಿಕ್ ಕುಂಚಗಳನ್ನು ಹುಡುಕಿ ತರಿಸಿಕೊಟ್ಟಿರಿ. ನಾನು ಎದ್ದು ಬರಲಾಗದ ದಿನಗಳಲ್ಲಿ ಟ್ಯೂಬಿನ ಮೇಲಿನ ಹೆಸರನ್ನು ಫೋನಿನಲ್ಲಿ ಓದಿ ಹೇಳಿ, ಬೇಕಾದ್ದನ್ನು ಮನೆಗೇ ತಲುಪಿಸಿದಿರಿ. ಕ್ಯಾನ್ವಾಸು ಬಿಗಿದು, ಅಡಿಗೆ ಬಳಿಯುವ ಜೆಸ್ಸೋ ಹಚ್ಚಿ ಉಜ್ಜಿಕೊಟ್ಟ ಇಬ್ಬರು ಹುಡುಗಿಯರೇ, ನಿಮ್ಮ ಪರೀಕ್ಷೆಯ ನಡುವೆಯೂ ಬಂದಿರಿ. ಈಗ ನಿಮ್ಮ ಕೆಲಸ ನೋಡಿಕೊಡುವ ಸರದಿ ನನ್ನದು. ಭಾನುವಾರ ಬನ್ನಿ.

ಬಾಕಿ ಇರುವ ಚಿತ್ರಗಳ ವಿಷಯ. ಕೇಳಿದ ಕ್ರಮದಲ್ಲೇ ಮುಗಿಸುತ್ತಿದ್ದೇನೆ. ಆದರೆ ವಯಸ್ಸಾದ, ಹುಷಾರಿಲ್ಲದ ಪ್ರಾಣಿಗಳನ್ನು ಮುಂದಕ್ಕೆ ತಂದಿದ್ದೇನೆ. ಉಳಿದವರೆಲ್ಲಾ ಇದಕ್ಕೆ ಒಪ್ಪಿದ್ದೀರಿ, ಅದು ನನ್ನ ಪುಣ್ಯ. ಎಣ್ಣೆಬಣ್ಣ ನೀರಿನ ಹಾಗೆ ಆವಿಯಾಗಿ ಆರುವುದಿಲ್ಲ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗಬೇಕು, ಚಳಿ ಮಳೆಯಲ್ಲಿ ಇನ್ನೂ ನಿಧಾನ. ಆದ್ದರಿಂದ ಬರೆದು ಮುಗಿದರೂ ಕೈಗೆ ಕೊಡಲು ಸ್ವಲ್ಪ ದಿನ ಬೇಕು. ವಾರ್ನಿಷ್ ಹಚ್ಚಲು ತಿಂಗಳುಗಳೇ ಬೇಕು, ಅದಕ್ಕೆ ಆಮೇಲೆ ಒಮ್ಮೆ ತಂದರೆ ಹಚ್ಚಿಕೊಡುತ್ತೇನೆ.

ಹೊಸದಾಗಿ ಫೋಟೋ ಕಳಿಸುವವರು ಫ್ಲ್ಯಾಶ್ ಹಾಕಬೇಡಿ, ಕಣ್ಣು ಹಸಿರಾಗಿ ಹೊಳೆದು ಒಳಗಿನ ಬಣ್ಣ ತಿಳಿಯುವುದಿಲ್ಲ. ನೀವು ನಿಂತುಕೊಂಡು ಮೇಲಿನಿಂದ ತೆಗೆಯುವ ಬದಲು ನೆಲದ ಮೇಲೆ ಕೂತು, ಅದರ ಮುಖದ ಮಟ್ಟಕ್ಕೆ ಬಂದು, ಕಿಟಕಿಯ ಬೆಳಕಿನಲ್ಲಿ ತೆಗೆಯಿರಿ. ಜೊತೆಗೆ ಅದು ಉಣ್ಣುವ ತಟ್ಟೆಯದ್ದೋ, ಮಲಗುವ ಗೋಣಿಚೀಲದ್ದೋ ಒಂದು ಫೋಟೋ ಇರಲಿ. ಇದನ್ನು ನನಗೆ ಕಲಿಸಿದವರು ನಂಜನಗೂಡಿನ ಅಜ್ಜಿ.

ಹಾಸನದ ಬ್ರೂನೋನ ಚಿತ್ರ ಮೊನ್ನೆ ಅವನ ಮನೆ ತಲುಪಿದೆ, ಬ್ರೂನೋ ಇನ್ನೂ ಗಟ್ಟಿಯಾಗೇ ಇದ್ದಾನೆ. ಮುಂದಿನ ಸರದಿ ಮಡಿಕೇರಿಯ ಎರಡು ಬೆಕ್ಕುಗಳದ್ದು. ಅವರ ಮನೆಯವರೇ, ಕ್ಯಾನ್ವಾಸಿಗೆ ಮೊದಲ ಬಣ್ಣ ಹಚ್ಚಿಟ್ಟಿದ್ದೇನೆ. ಸೋಮವಾರದಿಂದ ಶುರು ಮಾಡುತ್ತೇನೆ.